ಜೇನುನೊಣಗಳ ಕುಣಿತದ ಭಾಷೆ

ಮೇವು ಕಂಡ ಜೇನುನೊಣ ಗೂಡಿಗೆ ಮರಳಿ, ಆ ಮೇವು ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ ಎಂಬುದನ್ನು ಜೊತೆಯ ನೊಣಗಳಿಗೆ ತಿಳಿಸಲು ಎರಿಯ ಮೇಲೆ ನಡೆಸುವ ಲಯಬದ್ಧ ಚಲನೆ. ಏಪಿಸ್ ಕುಲಕ್ಕೆ ಸೇರಿದ ಎಲ್ಲ ಜೇನುನೊಣಗಳಲ್ಲೂ ಇದು ಕಂಡುಬರುತ್ತದೆ. ಕಣ್ಣೆದುರು ಇಲ್ಲದ ವಸ್ತುವಿನ ಬಗ್ಗೆ ಸಂಕೇತಗಳ ಮೂಲಕ ಮಾಹಿತಿ ಕೊಡುವ ಸಾಮರ್ಥ್ಯ ಪ್ರಾಣಿಲೋಕದಲ್ಲಿ ಬಹು ಅಪರೂಪ. ಎಳ್ಳುಕಾಳಿನಷ್ಟು ಚಿಕ್ಕ ಮಿದುಳಿನ ಕೀಟವೊಂದರಲ್ಲಿ ಅದು ಇರುವುದು, ಅದರ ಅರ್ಥವನ್ನು ಮನುಷ್ಯನೂ ಕೋನಮಾಪಕ ಮತ್ತು ಗಡಿಯಾರ ಹಿಡಿದು ಓದಬಹುದು ಎಂಬುದು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ದೊಡ್ಡ ಶೋಧಗಳಲ್ಲಿ ಒಂದು. ಈ ಭಾಷೆಯನ್ನು ಮೊದಲು ಬಿಡಿಸಿದ್ದು ಆಲ್ಪ್ಸ್ ಪರ್ವತದ ತಪ್ಪಲಿನಲ್ಲಾದರೂ ಇದರ ವೈವಿಧ್ಯ ಇರುವುದು ಏಷ್ಯದಲ್ಲಿ. ಏಪಿಸ್ ಕುಲದ ಪ್ರಭೇದಗಳಲ್ಲಿ ಯುರೋಪ್, ಆಫ್ರಿಕಗಳ ಮೆಲಿಫೆರ ಜೇನೊಂದನ್ನು ಬಿಟ್ಟರೆ ಉಳಿದವೆಲ್ಲವೂ ಏಷ್ಯದವು. ಕರ್ನಾಟಕದ ಹೆಜ್ಜೇನು, ಕೋಲ್ಜೇನು ಮತ್ತು ತುಡುವೆ ಮೂರೂ ಈ ಗುಂಪಿನವೇ.

ಕುಣಿತದ ಬಗೆಗಳು

ಮೇವು ಗೂಡಿಗೆ ತೀರ ಹತ್ತಿರದಲ್ಲಿದ್ದರೆ ನೊಣ ಎರಿಯ ಮೇಲೆ ಚಿಕ್ಕ ಸುತ್ತುಗಳನ್ನು ಹಾಕುತ್ತದೆ. ಒಂದು ಸುತ್ತು ಬಲಕ್ಕೆ, ಮತ್ತೊಂದು ಎಡಕ್ಕೆ. ಇದಕ್ಕೆ ದುಂಡು ಕುಣಿತ ಎನ್ನಬಹುದು. ಇದನ್ನು ಹಿಂಬಾಲಿಸಿದ ನೊಣಗಳು ಹೊರಬಿದ್ದು ಗೂಡಿನ ಸುತ್ತಮುತ್ತ ಹುಡುಕುತ್ತವೆ. ಕುಣಿದ ನೊಣದ ಮೈಗಂಟಿದ ಹೂವಿನ ವಾಸನೆ ಅವುಗಳಿಗೆ ಗುರುತಾಗುತ್ತದೆ.

ಮೇವು ದೂರದಲ್ಲಿದ್ದಾಗ ನಡೆಯುವುದು ಓಲಾಟದ ಕುಣಿತ. ಜಗತ್ತಿನ ವಿಜ್ಞಾನಿಗಳು ಇದನ್ನು ವ್ಯಾಗಲ್ ಡ್ಯಾನ್ಸ್ ಎಂದು ಕರೆಯುತ್ತಾರೆ. ನೊಣ ಹೊಟ್ಟೆಯ ಭಾಗವನ್ನು ಎಡಬಲಕ್ಕೆ ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸಲ ಒಲೆಯುತ್ತ ನೇರವಾಗಿ ಮುಂದೆ ಸಾಗುತ್ತದೆ. ಆಗ ರೆಕ್ಕೆಗಳನ್ನು ಮಿಡಿದು ಗುಂಯ್‌ಗುಡುವ ಸದ್ದು ಹೊರಡಿಸುತ್ತದೆ. ನೇರ ನಡೆ ಮುಗಿದ ಕೂಡಲೇ ಓಲಾಟ ನಿಲ್ಲಿಸಿ, ಬಲಕ್ಕೆ ಅರೆವೃತ್ತ ತಿರುಗಿ ಹೊರಟಲ್ಲಿಗೆ ಬರುತ್ತದೆ. ಮತ್ತೆ ಅದೇ ಗೆರೆಯಲ್ಲಿ ಒಲೆಯುತ್ತ ಸಾಗಿ, ಈ ಸಲ ಎಡಕ್ಕೆ ತಿರುಗಿ ಮರಳುತ್ತದೆ. ಒಟ್ಟಾರೆ 8ರ ಅಂಕಿಯ ಆಕಾರ ಮೂಡುತ್ತದೆ. ಮೇವು ಒಳ್ಳೆಯದಿದ್ದಷ್ಟೂ ಈ ಸುತ್ತುಗಳ ಸಂಖ್ಯೆ ಹೆಚ್ಚು. ಮಕರಂದ ತೆಳುವಾಗಿದ್ದರೆ ನೊಣ ಕುಣಿಯುವುದೇ ಇಲ್ಲ.

ತುಡುವೆ ಮತ್ತು ಮೆಲಿಫೆರ ಜೇನುಗಳಲ್ಲಿ ಇದೆಲ್ಲ ನಡೆಯುವುದು ಪೊಟರೆ ಅಥವಾ ಪೆಟ್ಟಿಗೆಯ ಕಗ್ಗತ್ತಲೆಯಲ್ಲಿ. ನೋಡಿ ತಿಳಿಯುವ ಪ್ರಶ್ನೆಯೇ ಅಲ್ಲಿಲ್ಲ. ಹಿಂಬಾಲಿಸುವ ನೊಣಗಳು ಕುಣಿಯುವ ನೊಣಕ್ಕೆ ಒತ್ತಿಕೊಂಡು ನಿಂತು, ತಮ್ಮ ಕುಡಿಮೀಸೆಗಳಿಗೆ ತಗಲುವ ಒಲೆತದಿಂದಲೂ ರೆಕ್ಕೆಯ ಮಿಡಿತ ಎಬ್ಬಿಸುವ ಗಾಳಿಯ ಅಲೆಗಳಿಂದಲೂ ಸುದ್ದಿ ಗ್ರಹಿಸುತ್ತವೆ.

ದಿಕ್ಕು ಮತ್ತು ದೂರದ ಸಂಕೇತ

ಲಂಬವಾಗಿ ತೂಗುವ ಎರಿಯ ಮೇಲೆ ‘ಮೇಲಕ್ಕೆ’ ಎಂದರೆ ‘ಸೂರ್ಯನಿರುವ ಕಡೆಗೆ’ ಎಂದರ್ಥ. ಓಲಾಟದ ಗೆರೆ ನೇರ ಮೇಲಕ್ಕಿದ್ದರೆ ಸೂರ್ಯನತ್ತ ಹಾರಬೇಕು, ನೇರ ಕೆಳಕ್ಕಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ಹಾರಬೇಕು. ಗೆರೆ ಲಂಬದಿಂದ ಎಷ್ಟು ಡಿಗ್ರಿ ಓರೆಯಾಗಿದೆಯೋ ಸೂರ್ಯನ ದಿಕ್ಕಿನಿಂದ ಅಷ್ಟೇ ಡಿಗ್ರಿ ಓರೆಯಲ್ಲಿ ಮೇವಿದೆ. ಓಲಾಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ದೂರವನ್ನು ಹೇಳುತ್ತದೆ. ಮೆಲಿಫೆರ ಜೇನಿನಲ್ಲಿ ಸುಮಾರು ಒಂದು ಸೆಕೆಂಡಿನ ಓಲಾಟ ಸರಿಸುಮಾರು ಒಂದು ಕಿಲೋಮೀಟರಿಗೆ ಸಮ.

ಒಂದು ಉದಾಹರಣೆ ನೋಡಬಹುದು. ಸೂರ್ಯ ನೇರ ಪೂರ್ವದಲ್ಲಿರುವ ಬೆಳಗಿನ ಹೊತ್ತು ಒಂದು ನೊಣ ಲಂಬದಿಂದ ಎಡಕ್ಕೆ 60 ಡಿಗ್ರಿ ಓರೆಯಾಗಿ ಒಂದೂವರೆ ಸೆಕೆಂಡು ಒಲೆದಿದೆ ಎನ್ನೋಣ. ಪೂರ್ವಕ್ಕೆ ಮುಖ ಮಾಡಿ ನಿಂತವನ ಎಡಕ್ಕೆ ಉತ್ತರ. ಹಾಗಾಗಿ ಪೂರ್ವದಿಂದ ಉತ್ತರದ ಕಡೆಗೆ 60 ಡಿಗ್ರಿ ಹೊರಳಿ, ಸುಮಾರು ಒಂದೂವರೆ ಕಿಲೋಮೀಟರ್ ಹೋದರೆ ಹೂ ಸಿಗುತ್ತದೆ. ಹೊತ್ತು ಏರಿ ಸೂರ್ಯ ಸರಿದಂತೆ, ಅದೇ ಹೂವಿಗೆ ಅದೇ ನೊಣ ಬೇರೆ ಕೋನದಲ್ಲಿ ಕುಣಿಯುತ್ತದೆ. ಕತ್ತಲ ಗೂಡಿನಲ್ಲಿ ದೀರ್ಘಕಾಲ ಕುಣಿಯುವ ನೊಣಗಳೂ ಹೊರಗೆ ಹೋಗಿ ಸೂರ್ಯನನ್ನು ನೋಡಿ ಬರದೆಯೇ ಕೋನವನ್ನು ಸರಿಪಡಿಸಿಕೊಳ್ಳುತ್ತವೆ.

ದಾರಿಗೆ ಬೆಟ್ಟ ಅಡ್ಡವಾಗಿದ್ದರೆ ನೊಣ ಬಳಸಿಕೊಂಡು ಹಾರುತ್ತದೆ. ಆದರೆ ಕುಣಿತದಲ್ಲಿ ಅದು ಕೊಡುವುದು ತಾನು ಹಾರಿದ ಓರೆಕೋರೆ ದಾರಿಯ ದಿಕ್ಕನ್ನಲ್ಲ. ಗೂಡಿನಿಂದ ಮೇವಿಗೆ ಎಳೆದ ನೇರ ಗೆರೆಯ ದಿಕ್ಕನ್ನು. ತಾನು ಎಂದೂ ಹಾರದ ಗೆರೆಯನ್ನು ಅದು ಲೆಕ್ಕಹಾಕಿ ತೋರಿಸುತ್ತದೆ.

ನೊಣ ದೂರವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಹಾರುವಾಗ ವ್ಯಯವಾಗುವ ಶಕ್ತಿಯ ಲೆಕ್ಕದಿಂದ ಎಂಬ ಊಹೆ ಮೊದಲಿಗಿತ್ತು. ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಂಜಿನಿಯರಿಂಗ್ ಓದಿ ಮುಂದೆ ಆಸ್ಟ್ರೇಲಿಯದಲ್ಲಿ ಸಂಶೋಧನೆ ನಡೆಸಿದ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟರು. ಒಳಗೋಡೆಗೆ ಚಿತ್ತಾರ ಹಚ್ಚಿದ, ಆರು ಮೀಟರ್ ಉದ್ದದ ಕಿರಿದಾದ ಸುರಂಗದೊಳಗೆ ನೊಣಗಳು ಹಾರಿ ಸಕ್ಕರೆ ಪಾನಕ ಕುಡಿದು ಬರುವಂತೆ ಅವರು ಏರ್ಪಾಡು ಮಾಡಿದರು. ಗೂಡಿಗೆ ಮರಳಿದ ನೊಣಗಳು ಆರು ಮೀಟರಿನ ಆ ಹಾರಾಟವನ್ನು ಸುಮಾರು 200 ಮೀಟರ್ ಎಂಬಂತೆ ಕುಣಿದು ತೋರಿಸಿದವು. ಗೋಡೆಗಳು ತೀರ ಹತ್ತಿರವಿದ್ದುದರಿಂದ ಚಿತ್ತಾರ ಕಣ್ಣಿನ ಮುಂದೆ ಅತಿ ವೇಗವಾಗಿ ಸರಿದಿತ್ತು. ಚಿತ್ತಾರ ತೆಗೆದು ಸುರಂಗದ ಉದ್ದಕ್ಕೆ ನೇರ ಪಟ್ಟೆಗಳನ್ನು ಹಚ್ಚಿದಾಗ ಸರಿಯುವ ದೃಶ್ಯವೇ ಇಲ್ಲವಾಯಿತು. ಆಗ ನೊಣಗಳು ದುಂಡು ಕುಣಿತಕ್ಕೆ ಇಳಿದವು. ಕಣ್ಣಿನ ಮುಂದೆ ಹಾದುಹೋಗುವ ದೃಶ್ಯದ ಒಟ್ಟು ಮೊತ್ತವೇ ನೊಣದ ಅಳತೆಗೋಲು ಎಂಬುದು ಇದರಿಂದ ಖಚಿತವಾಯಿತು. ಶ್ರೀನಿವಾಸನ್ ಅವರಿಗೆ 2006ರಲ್ಲಿ ಆಸ್ಟ್ರೇಲಿಯದ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಸಂದಿತು.

ಶೋಧದ ಇತಿಹಾಸ

ಮರಳಿ ಬಂದ ಜೇನುನೊಣ ಮೈಯೊದರುವುದನ್ನೂ ಅದರ ಬೆನ್ನಿಗೆ ಮೂರು ನಾಲ್ಕು ನೊಣಗಳು ಹೋಗುವುದನ್ನೂ ಗ್ರೀಸಿನ ಅರಿಸ್ಟಾಟಲ್ ಗಮನಿಸಿ ಬರೆದಿದ್ದ. ಅರ್ಥ ಬಿಡಿಸಿದ ಕೀರ್ತಿ ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ (1886-1982) ಅವರದು. ವಿಯೆನ್ನಾದಲ್ಲಿ ಹುಟ್ಟಿದ ಫ್ರಿಶ್ ಜರ್ಮನಿಯ ಮ್ಯೂನಿಕ್‌ನಲ್ಲಿ ನೆಲೆಸಿದರು. ಜೇನುನೊಣಗಳಿಗೆ ಬಣ್ಣದ ಅರಿವಿಲ್ಲ ಎಂದು ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲಿ, ಬೂದುಬಣ್ಣದ ಹಲವು ಛಾಯೆಯ ಕಾಗದಗಳ ನಡುವೆ ಇಟ್ಟ ನೀಲಿ ಕಾಗದವನ್ನು ನೊಣಗಳು ಆರಿಸಿಕೊಳ್ಳುತ್ತವೆಂದು ತೋರಿಸಿ ಅವರು ಮೊದಲಿಗೆ ಹೆಸರು ಪಡೆದರು.

1919ರಲ್ಲಿ ಮ್ಯೂನಿಕ್‌ನ ಸಂಸ್ಥೆಯ ಅಂಗಳದಲ್ಲಿ, ಗಾಜಿನ ಗೋಡೆಯ ಗೂಡಿನೊಳಗೆ, ತಾವು ಬಣ್ಣ ಹಚ್ಚಿ ಗುರುತು ಮಾಡಿದ್ದ ನೊಣವೊಂದು ಪಾನಕ ಕುಡಿದು ಬಂದು ದುಂಡಗೆ ಕುಣಿಯುವುದನ್ನೂ, ಸುತ್ತಲಿನ ನೊಣಗಳು ಉತ್ಸಾಹದಿಂದ ಹೊರಬೀಳುವುದನ್ನೂ ಅವರು ಕಂಡರು. 1923ರ ಪ್ರಬಂಧದಲ್ಲಿ ದುಂಡು ಕುಣಿತ ಮಕರಂದದ ಸೂಚನೆ, ಓಲಾಟದ ಕುಣಿತ ಪರಾಗದ ಸೂಚನೆ ಎಂದು ವಿವರಿಸಿದರು. ಸುಮಾರು ಎರಡು ದಶಕ ಈ ವಿವರಣೆಯೇ ನಿಂತಿತು.

ಹಿಟ್ಲರನ ಆಡಳಿತ 1941ರಲ್ಲಿ ಫ್ರಿಶ್ ಅವರ ಪೂರ್ವಿಕರಲ್ಲಿ ಯಹೂದಿ ಮೂಲವಿದೆಯೆಂದು ಅವರನ್ನು ಹುದ್ದೆಯಿಂದ ತೆಗೆಯಲು ಹೊರಟಿತು. ಅದೇ ಕಾಲಕ್ಕೆ ನೊಸೀಮ ಎಂಬ ರೋಗ ತಗುಲಿ ಜೇನುಕುಟುಂಬಗಳು ಸಾಮೂಹಿಕವಾಗಿ ಸಾಯತೊಡಗಿದ್ದವು. ಯುದ್ಧಕಾಲದ ಆಹಾರ ಬೆಳೆಗಳ ಪರಾಗಸ್ಪರ್ಶಕ್ಕೆ ಜೇನು ಬೇಕಿತ್ತು. ರೋಗದ ಅಧ್ಯಯನಕ್ಕೆಂದು ಫ್ರಿಶ್ ಅವರನ್ನು ಉಳಿಸಿಕೊಳ್ಳಲಾಯಿತು. ಆಸ್ಟ್ರಿಯದ ವುಲ್ಫ್‌ಗಾಂಗ್ ಸರೋವರದ ದಂಡೆಯ ಬ್ರುನ್‌ವಿಂಕ್ಲ್‌ನ ಕುಟುಂಬದ ಮನೆಯಲ್ಲಿ 1944ರಲ್ಲಿ ಅವರು ಮೇವಿನ ತಟ್ಟೆಗಳನ್ನು ದೂರದೂರಕ್ಕೆ ಇಟ್ಟು ನೋಡಿದರು. ಕುಣಿತದ ಬಗೆ ಮೇವಿನ ಜಾತಿಯನ್ನಲ್ಲ, ದೂರವನ್ನು ಹೇಳುತ್ತದೆ ಎಂಬುದು ಆಗ ಬೆಳಕಿಗೆ ಬಂತು. ಮರುವರ್ಷವೇ ದಿಕ್ಕಿನ ಸಂಕೇತವೂ ಬಿಡಿಸಿಕೊಂಡಿತು. ತಮ್ಮ ಹಳೆಯ ವಿವರಣೆಯನ್ನು ತಾವೇ ತಿದ್ದಿ 1946ರಲ್ಲಿ ಅವರು ಹೊಸ ಫಲಿತಾಂಶ ಪ್ರಕಟಿಸಿದರು. 1973ರಲ್ಲಿ ಕಾನ್ರಾಡ್ ಲೊರೆನ್ಸ್ ಮತ್ತು ನಿಕೋಲಾಸ್ ಟಿನ್‌ಬರ್ಗೆನ್ ಅವರೊಂದಿಗೆ ಫ್ರಿಶ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ವಿವಾದ ಮತ್ತು ಸಾಬೀತು

ಕೀಟವೊಂದಕ್ಕೆ ಸಂಕೇತಭಾಷೆ ಇದೆಯೆಂಬ ಮಾತು ಸುಲಭವಾಗಿ ಒಪ್ಪಿತವಾಗಲಿಲ್ಲ. ನೊಣಗಳು ಕುಣಿಯುವುದು ನಿಜವಿರಬಹುದು, ಆದರೆ ಉಳಿದ ನೊಣಗಳು ಹೂವನ್ನು ಪತ್ತೆಹಚ್ಚುವುದು ಕೇವಲ ವಾಸನೆಯಿಂದ ಎಂದು ಅಮೆರಿಕದ ಏಡ್ರಿಯನ್ ವೆನ್ನರ್ ಮತ್ತು ಪ್ಯಾಟ್ರಿಕ್ ವೆಲ್ಸ್ 1960ರ ದಶಕದ ಕೊನೆಯಲ್ಲಿ ವಾದಿಸಿದರು. ಈ ವಾದದಿಂದ ಪ್ರಯೋಗಗಳು ಇನ್ನಷ್ಟು ಬಿಗಿಯಾದವು.

ಜೇಮ್ಸ್ ಗೌಲ್ಡ್ 1975ರಲ್ಲಿ ನೊಣಗಳು ‘ಸುಳ್ಳು ಹೇಳುವಂತೆ’ ಮಾಡಿದರು. ಗೂಡಿನೊಳಗೆ ಪ್ರಖರ ದೀಪ ಹಚ್ಚಿದರೆ ನೊಣಗಳು ಅದನ್ನೇ ಸೂರ್ಯನೆಂದು ಭಾವಿಸುತ್ತವೆ. ಕುಣಿಯುವ ನೊಣಗಳ ನೆತ್ತಿಯ ಮೇಲಿನ ಮೂರು ಸರಳ ಕಣ್ಣುಗಳಿಗೆ ಬಣ್ಣ ಹಚ್ಚಿ ಅವುಗಳಿಗೆ ದೀಪ ಮಂಕಾಗಿ ಕಾಣುವಂತೆ ಮಾಡಲಾಯಿತು. ಅವು ಗುರುತ್ವದ ಆಧಾರದಲ್ಲಿ ಕುಣಿದವು. ಹಿಂಬಾಲಿಸಿದವು ದೀಪದ ಆಧಾರದಲ್ಲಿ ಅರ್ಥ ಮಾಡಿಕೊಂಡವು. ಲೆಕ್ಕದ ಪ್ರಕಾರ ಯಾವ ತಪ್ಪು ದಿಕ್ಕಿಗೆ ಹೋಗಬೇಕಿತ್ತೋ ಆ ದಿಕ್ಕಿಗೇ ಹೊಸ ನೊಣಗಳು ಹೋದವು. ಡೆನ್ಮಾರ್ಕಿನ ಆಕ್ಸೆಲ್ ಮೈಕೆಲ್ಸನ್ ಮತ್ತು ಸಂಗಡಿಗರು ಹಿತ್ತಾಳೆಯ ನೊಣವೊಂದನ್ನು ಮಾಡಿ, ಜೇನುಮೇಣ ಲೇಪಿಸಿ, ಕಂಪ್ಯೂಟರಿನಿಂದ ಕುಣಿಸಿ, ನೊಣಗಳನ್ನು ತಾವು ಬಯಸಿದ ಕಡೆಗೆ ಕಳಿಸಿದರು. 2005ರಲ್ಲಿ ಇಂಗ್ಲೆಂಡಿನ ಜೋ ರೈಲಿ ಮತ್ತು ಸಂಗಡಿಗರು ಕುಣಿತ ಹಿಂಬಾಲಿಸಿದ ನೊಣಗಳ ಬೆನ್ನಿಗೆ ಪುಟ್ಟ ಆಂಟೆನಾ ಅಂಟಿಸಿ ರೇಡಾರಿನಲ್ಲಿ ಹಿಂಬಾಲಿಸಿದರು. ಗೂಡಿನಿಂದ ಹೊರಬಿದ್ದ ನೊಣವನ್ನು ಹಿಡಿದು ಬೇರೆಡೆ ಬಿಟ್ಟಾಗ ಅದು ಅಲ್ಲಿಂದಲೇ ಕುಣಿತ ಹೇಳಿದ ದಿಕ್ಕಿಗೆ ಹೇಳಿದಷ್ಟೇ ದೂರ ಹಾರಿ, ಏನೂ ಇಲ್ಲದ ಜಾಗದಲ್ಲಿ ಹೂವಿಗಾಗಿ ಹುಡುಕಾಡಿತು. ವಾಸನೆಯೊಂದೇ ದಾರಿದೀಪವಾಗಿದ್ದರೆ ಹೀಗಾಗುತ್ತಿರಲಿಲ್ಲ. ಕೊನೆಯ ಕೆಲವು ಮೀಟರುಗಳಲ್ಲಿ ನೆರವಾಗುವುದು ಮಾತ್ರ ವಾಸನೆಯೇ.

ಆಕಾಶ ಮತ್ತು ಕಾಲದ ಅರಿವು

ಮೋಡ ಸೂರ್ಯನನ್ನು ಮುಚ್ಚಿದಾಗಲೂ ನೀಲಿ ಆಕಾಶದ ಒಂದು ತುಂಡು ಕಂಡರೆ ಸಾಕು, ನೊಣ ಸೂರ್ಯನಿರುವ ಕಡೆಯನ್ನು ಗುರುತಿಸುತ್ತದೆ. ಚದುರಿದ ಬೆಳಕು ಆಕಾಶದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಧ್ರುವೀಕರಣಗೊಂಡಿರುತ್ತದೆ; ಮನುಷ್ಯನ ಕಣ್ಣಿಗೆ ಕಾಣದ ಈ ವಿನ್ಯಾಸವನ್ನು ನೊಣದ ಸಂಯುಕ್ತ ಕಣ್ಣಿನ ಮೇಲಂಚು ಓದುತ್ತದೆ. ಫ್ರಿಶ್ ಇದನ್ನು 1949ರಲ್ಲಿ ಪ್ರಕಟಿಸಿದರು.

ಸೂರ್ಯನನ್ನು ದಿಕ್ಸೂಚಿಯಾಗಿ ಬಳಸಲು ಹೊತ್ತಿನ ಅರಿವೂ ಬೇಕು. ಆ ಗಡಿಯಾರ ನೊಣದ ದೇಹದೊಳಗೇ ಇದೆ. 1955ರಲ್ಲಿ ಮ್ಯಾಕ್ಸ್ ರೆನ್ನರ್ ಪ್ಯಾರಿಸ್‌ನ ಮುಚ್ಚಿದ ಕೋಣೆಯಲ್ಲಿ ನಿಗದಿತ ಹೊತ್ತಿಗೆ ಮೇವಿಗೆ ಬರಲು ಕಲಿಸಿದ ನೊಣಗಳನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಒಯ್ದರು. ಅಲ್ಲಿನ ಅಂಥದೇ ಕೋಣೆಯಲ್ಲಿ ಅವು ಪ್ಯಾರಿಸ್ ಸಮಯಕ್ಕೇ ಸರಿಯಾಗಿ ಮೇವಿಗೆ ಬಂದವು. ನಿದ್ದೆಗೆಟ್ಟ ನೊಣಗಳ ಕುಣಿತದಲ್ಲಿ ದಿಕ್ಕಿನ ನಿಖರತೆ ಕುಗ್ಗುತ್ತದೆಂದು 2010ರ ಒಂದು ಅಧ್ಯಯನ ತೋರಿಸಿದೆ.

ಏಷ್ಯದ ಜೇನುಗಳು

ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದ ಮಧ್ಯಭಾಗದಲ್ಲಿ ಶ್ರೀಲಂಕೆಗೆ ಬಂದು ಏಷ್ಯದ ಜೇನುಗಳನ್ನು ಅಭ್ಯಸಿಸಿದರು. ಕುಣಿತ ಹೇಗೆ ವಿಕಾಸಗೊಂಡಿತೆಂಬ ಪ್ರಶ್ನೆಗೆ ಇಲ್ಲಿ ಸುಳಿವು ಸಿಕ್ಕಿತು. ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟುವ ಕೋಲ್ಜೇನು, ಕಡ್ಡಿಯ ಮೇಲ್ಭಾಗದ ಸಮತಟ್ಟಾದ ಜಾಗದಲ್ಲಿ ಬಯಲಿನಲ್ಲೇ ಕುಣಿಯುತ್ತದೆ. ಅದರ ಓಲಾಟದ ಗೆರೆ ನೇರವಾಗಿ ಹೂವಿನತ್ತಲೇ ಚಾಚಿರುತ್ತದೆ. ‘ಮೇಲಕ್ಕೆ ಎಂದರೆ ಸೂರ್ಯ’ ಎಂಬ ಅನುವಾದ ಅದಕ್ಕೆ ಬೇಕಿಲ್ಲ.

ಎತ್ತರದ ಮರ, ಬಂಡೆ, ಕಟ್ಟಡಗಳಿಗೆ ಭಾರಿ ಎರಿ ಇಳಿಬಿಡುವ ಹೆಜ್ಜೇನು ಬಯಲಿನಲ್ಲಿದ್ದರೂ ಲಂಬ ಎರಿಯ ಮೇಲೆ ಕುಣಿಯುತ್ತದೆ. ಅದು ಬೆಳದಿಂಗಳಲ್ಲೂ ಮೇವಿಗೆ ಹೊರಡುತ್ತದೆ. ಅಂಥ ರಾತ್ರಿಗಳಲ್ಲಿ ಅದರ ಕುಣಿತಕ್ಕೆ ಆಧಾರ ಎದುರಿಗಿರುವ ಚಂದ್ರನಲ್ಲ, ದಿಗಂತದ ಕೆಳಗೆ ಮರೆಯಾಗಿರುವ ಸೂರ್ಯ ಎಂದು ಅಮೆರಿಕದ ಫ್ರೆಡ್ ಡಯರ್ 1985ರಲ್ಲಿ ತೋರಿಸಿದರು.

ಪ್ರಭೇದಗಳ ನಡುವೆ ನುಡಿಭೇದಗಳೂ ಇವೆ. ಒಂದೇ ದೂರಕ್ಕೆ ಒಂದು ಪ್ರಭೇದ ಹೆಚ್ಚು ಹೊತ್ತು ಒಲೆದರೆ ಇನ್ನೊಂದು ಕಡಿಮೆ ಹೊತ್ತು ಒಲೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸಂಶೋಧಕರು ಜರ್ಮನಿಯ ಸಹೋದ್ಯೋಗಿಗಳೊಂದಿಗೆ ತುಡುವೆ, ಕೋಲ್ಜೇನು, ಹೆಜ್ಜೇನು ಮೂರನ್ನೂ ಹೋಲಿಸಿ 2020ರಲ್ಲಿ ಇದರ ಕಾರಣ ಪ್ರಕಟಿಸಿದರು. ಹತ್ತಿರದಲ್ಲೇ ಮೇಯುವ ತುಡುವೆ ಪ್ರತಿ ಮೀಟರಿಗೂ ಹೆಚ್ಚು ಓಲಾಟ ಬಳಸಿ ದೂರವನ್ನು ಸೂಕ್ಷ್ಮವಾಗಿ ಹೇಳುತ್ತದೆ. ಬಹುದೂರ ಹೋಗುವ ಹೆಜ್ಜೇನು ಅದೇ ದೂರವನ್ನು ಚುಟುಕಾಗಿ ಹೇಳುತ್ತದೆ. ಮೇಯುವ ಹರವಿಗೆ ತಕ್ಕಂತೆ ನುಡಿ ಹೊಂದಿಕೊಂಡಿದೆ. ನುಡಿಭೇದವಿದ್ದರೂ ಪರಸ್ಪರ ಅರ್ಥವಾಗದೆ ಹೋಗುವುದಿಲ್ಲ. ತುಡುವೆ ಮತ್ತು ಮೆಲಿಫೆರ ನೊಣಗಳನ್ನು ಒಂದೇ ಕುಟುಂಬದಲ್ಲಿ ಬೆರೆಸಿದಾಗ ತುಡುವೆಗಳು ಮೆಲಿಫೆರದ ಕುಣಿತ ಹಿಂಬಾಲಿಸಿ ಮೇವು ಕಂಡುಕೊಂಡದ್ದು 2008ರಲ್ಲಿ ವರದಿಯಾಯಿತು.

ಕುಣಿತದಿಂದ ಜೇನಿಗೆ ಎಷ್ಟು ಲಾಭ ಎಂಬ ಪ್ರಶ್ನೆಗೂ ಉಷ್ಣವಲಯವೇ ಉತ್ತರ ಕೊಟ್ಟಿದೆ. ಅನ್ನಾ ಡೋರ್ನ್‌ಹೌಸ್ ಮತ್ತು ಲಾರ್ಸ್ ಚಿಟ್ಕ ಕುಣಿತದ ದಿಕ್ಕು ಕೆಡುವಂತೆ ಮಾಡಿ ಯುರೋಪಿನಲ್ಲೂ ಭಾರತದ ಕಾಡಿನಲ್ಲೂ ಕುಟುಂಬಗಳ ಗಳಿಕೆಯನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಯುರೋಪಿನ ಬಯಲಲ್ಲಿ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಭಾರತದ ಕಾಡಿನಲ್ಲಿ ಗಳಿಕೆ ಬಹುವಾಗಿ ಕುಸಿಯಿತು. ಕಾಡಿನಲ್ಲಿ ಒಂದೊಂದು ಮರ ಒಮ್ಮೆಲೇ ಮೈತುಂಬ ಹೂಬಿಟ್ಟು ಬೇಗನೆ ಮುಗಿಸುತ್ತದೆ. ಅಂಥ ಮರದ ಸುದ್ದಿ ಬೇಗ ಹರಡಿದಷ್ಟೂ ಲಾಭ.

ಹೊಸ ಮನೆಯ ಆಯ್ಕೆ

ಜೇನುಕುಟುಂಬ ಪಾಲಾದಾಗ ಹಳೆಯ ರಾಣಿಯೊಂದಿಗೆ ಹೊರಟ ಹಿಂಡು ಕೊಂಬೆಗೆ ಜೋತುಬಿದ್ದು ಕಾಯುತ್ತದೆ. 1949ರಲ್ಲಿ ಇಂಥ ಹಿಂಡಿನ ಮೇಲೆ ಕುಣಿಯುತ್ತಿದ್ದ ನೊಣಗಳ ಮೈಗೆ ಮಸಿ, ಇಟ್ಟಿಗೆಯ ಪುಡಿ ಮೆತ್ತಿದ್ದನ್ನು ಲಿಂಡಾವರ್ ಗಮನಿಸಿದರು. ಅವು ಹೂವಿನ ಸುದ್ದಿ ತಂದವಲ್ಲ. ಯುದ್ಧದಲ್ಲಿ ಹಾಳಾದ ಮ್ಯೂನಿಕ್‌ನ ಕಟ್ಟಡಗಳಲ್ಲಿ ಪೊಟರೆ ಹುಡುಕಿ ಬಂದ ನೊಣಗಳು. ಬೇರೆ ಬೇರೆ ಜಾಗ ನೋಡಿಬಂದ ನೊಣಗಳು ಬೇರೆ ಬೇರೆ ಕುಣಿತ ನಡೆಸುತ್ತವೆ. ಜಾಗ ಉತ್ತಮವಾಗಿದ್ದಷ್ಟೂ ಕುಣಿತ ದೀರ್ಘ. ಕ್ರಮೇಣ ಒಂದೇ ಜಾಗಕ್ಕೆ ಬೆಂಬಲ ಕೂಡಿಬರುತ್ತದೆ. ಅಮೆರಿಕದ ಥಾಮಸ್ ಸೀಲಿ ಈ ಕೆಲಸವನ್ನು ಮುಂದುವರಿಸಿ, ಆಯ್ದ ಜಾಗದಲ್ಲಿ ಇಪ್ಪತ್ತು ಮೂವತ್ತು ನೊಣಗಳು ಒಟ್ಟಿಗೆ ಸೇರಿದಾಗ ನಿರ್ಧಾರ ಗಟ್ಟಿಯಾಗುತ್ತದೆಂದು ಕಂಡರು. ಈ ತೀರ್ಮಾನದಲ್ಲಿ ರಾಣಿಯ ಪಾತ್ರವಿಲ್ಲ.

ವಿರೋಧ ಸೂಚಿಸುವ ಸಂಕೇತವೂ ಇದೆ. ಬೇರೆ ಜಾಗದ ಪರವಿರುವ ನೊಣ ಕುಣಿಯುವ ನೊಣಕ್ಕೆ ತಲೆಯಿಂದ ಗುದ್ದಿ ಚಿಕ್ಕದೊಂದು ಸದ್ದು ಮಾಡುತ್ತದೆ. ಹಲವು ಗುದ್ದು ಬಿದ್ದರೆ ಕುಣಿತ ನಿಲ್ಲುತ್ತದೆ. ಮೇವಿನ ಜಾಗದಲ್ಲಿ ಶತ್ರುವಿನ ದಾಳಿಗೆ ಸಿಕ್ಕ ನೊಣಗಳೂ ಆ ಜಾಗಕ್ಕಾಗಿ ಕುಣಿಯುವವುಗಳನ್ನು ಹೀಗೆಯೇ ತಡೆಯುತ್ತವೆ.

ಹುಟ್ಟುಗುಣ ಮತ್ತು ಕಲಿಕೆ

ಕುಣಿತ ಪೂರ್ತಿ ಹುಟ್ಟುಗುಣ ಎಂಬ ಹಳೆಯ ನಂಬಿಕೆಯನ್ನು 2023ರ ಒಂದು ಅಧ್ಯಯನ ತಿದ್ದಿತು. ಚೀನ ಮತ್ತು ಅಮೆರಿಕದ ಸಂಶೋಧಕರು ಎಳೆಯ ನೊಣಗಳಷ್ಟೇ ಇರುವ ಕುಟುಂಬಗಳನ್ನು ರೂಪಿಸಿದರು. ಹಿರಿಯರ ಕುಣಿತ ಹಿಂಬಾಲಿಸುವ ಅವಕಾಶ ಅಲ್ಲಿರಲಿಲ್ಲ. ಆ ನೊಣಗಳು ಹೊತ್ತು ಬಂದಾಗ ತಾವಾಗಿಯೇ ಕುಣಿದವು, ಆದರೆ ಕುಣಿತ ಅಂಕುಡೊಂಕಾಗಿತ್ತು. ಅನುಭವ ಬೆಳೆದಂತೆ ದಿಕ್ಕಿನ ತಪ್ಪು ಕಡಿಮೆಯಾಯಿತು. ದೂರವನ್ನು ಹೆಚ್ಚಾಗಿ ಹೇಳುವ ತಪ್ಪು ಮಾತ್ರ ಬದುಕಿರುವವರೆಗೂ ಉಳಿಯಿತು.

ಇದು ಭಾಷೆಯೇ?

ದೂರದ ವಸ್ತುವಿನ ಬಗ್ಗೆ ಹೇಳುವ ಗುಣವನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಹಾಕೆಟ್ ಮಾನವ ಭಾಷೆಯ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿ, ಜೇನಿನ ಕುಣಿತದಲ್ಲೂ ಅದಿದೆಯೆಂದು ಒಪ್ಪಿದರು. ಫ್ರಾನ್ಸಿನ ಎಮಿಲ್ ಬೆನ್ವೆನಿಸ್ತ್ 1952ರಲ್ಲಿ ಅದರ ಮಿತಿಗಳನ್ನು ಎತ್ತಿ ತೋರಿಸಿದರು: ಕುಣಿತಕ್ಕೆ ಮರುಮಾತಿಲ್ಲ, ಸಂಭಾಷಣೆಯಿಲ್ಲ, ವಿಷಯದ ಹರವು ಕಿರಿದು. ಎತ್ತರವನ್ನು ಹೇಳುವ ಸಂಕೇತವೂ ಅದರಲ್ಲಿಲ್ಲ. ಫ್ರಿಶ್ ಮತ್ತು ಸಂಗಡಿಗರು ರೇಡಿಯೊ ಗೋಪುರದ ತುದಿಯಲ್ಲಿ ಮೇವಿಟ್ಟಾಗ, ಅಲ್ಲಿಂದ ಮರಳಿದ ನೊಣಗಳ ಕುಣಿತ ಅನುಸರಿಸಿ ಬಂದವು ಕೆಳಗಿನ ನೆಲದಲ್ಲೇ ಹುಡುಕಿದವು. ಮನುಷ್ಯ ಭಾಷೆಯೊಂದಿಗೆ ಸಮ ಎನ್ನಲಾಗದಿದ್ದರೂ, ನಿಯಮಬದ್ಧವೂ ಸಾಂಕೇತಿಕವೂ ಆದ ಸಂವಹನ ಇದು ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ.

ಮಹತ್ವ

ಕುಣಿತವನ್ನು ಓದಬಲ್ಲವರು ಜೇನಿನ ಮೂಲಕ ಭೂದೃಶ್ಯವನ್ನೇ ಓದಬಹುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 5,484 ಕುಣಿತಗಳನ್ನು ಬಿಡಿಸಿ, 94 ಚದರ ಕಿಲೋಮೀಟರ್ ಪ್ರದೇಶದಲ್ಲಿ ಜೇನುಗಳು ಎಲ್ಲಿ ಹೆಚ್ಚು ಮೇಯುತ್ತವೆಂಬ ನಕ್ಷೆಯನ್ನು 2014ರಲ್ಲಿ ಪ್ರಕಟಿಸಿದರು. ರಕ್ಷಿತ ಹುಲ್ಲುಗಾವಲೊಂದು ಆ ನಕ್ಷೆಯಲ್ಲಿ ಎದ್ದು ಕಂಡಿತು. ಯಾವ ನೆಲದಲ್ಲಿ ಹೂವಿದೆ, ಯಾವುದು ಬರಿದಾಗಿದೆ ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ಸಮೀಕ್ಷೆ ಸಿಗುವುದು ಕಷ್ಟ.

ಇಂಥ ನಕ್ಷೆ ಪಶ್ಚಿಮಘಟ್ಟದ ತಪ್ಪಲಿಗೂ ಬಯಲುಸೀಮೆಯ ಹೊಲಗಳಿಗೂ ಬೇಕು. ಗಾಜಿನ ಪೆಟ್ಟಿಗೆ, ವಿಡಿಯೊ ಕ್ಯಾಮೆರಾ ಮತ್ತು ಕೋನಮಾಪಕ ಇದ್ದರೆ ಕಾಲೇಜಿನ ವಿದ್ಯಾರ್ಥಿಗಳೂ ತುಡುವೆಯ ಕುಣಿತವನ್ನು ಅಳೆಯಬಹುದು. ಕೋಲ್ಜೇನಿನ ಕುಣಿತಕ್ಕಂತೂ ಪೆಟ್ಟಿಗೆಯೂ ಬೇಡ. ಗೂಡನ್ನು ಸುಡದೆ, ಹೂವಿನ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸದೆ, ಹೂಬಿಡುವ ಹಳೆಯ ಮರಗಳನ್ನು ಉಳಿಸಿಕೊಂಡರೆ ಮಾತ್ರ ಈ ಅಧ್ಯಯನ ಮುಂದುವರಿಯಬಲ್ಲದು. ಜಗತ್ತಿನಲ್ಲಿ ಕುಣಿದು ಮಾತಾಡುವ ಜೇನಿನ ಪ್ರಭೇದಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೂರು ಕರ್ನಾಟಕದ ಸಹಜ ನಿವಾಸಿಗಳು.